ಎದುರಾಳಿ ಕೆಳಗೇ ನಿಂತಾಗ ಡಬಲ್ ಹೇಳುವ ಬಗೆ: ಬ್ರಿಡ್ಜ್ ಆಟದ ಬ್ಯಾಲೆನ್ಸಿಂಗ್ ಡಬಲ್, ಹಂತ ಹಂತವಾಗಿ

ಎಡಗಡೆಯ ಎದುರಾಳಿ 1 ಆಟಿನ್ (ಆಟಿನ್ ತುರುಪಾಗಿ ಆರರ ಮೇಲೆ ಒಂದು, ಅಂದರೆ ಏಳು ಟ್ರಿಕ್ ಮಾಡುತ್ತೇನೆ ಎಂಬ ಕರೆ) ಎಂದು ಆರಂಭಿಸಿದ. ನಿಮ್ಮ ಜೊತೆಗಾರ ಪಾಸ್, ಬಲಗಡೆಯವನೂ ಪಾಸ್. ಈಗ ಸರದಿ ನಿಮ್ಮದು, ಕೈಯಲ್ಲಿರುವುದು 9 ಪಾಯಿಂಟ್. ನೀವೂ ಪಾಸ್ ಎಂದರೆ ಬಿಡ್ಡಿಂಗ್ ಮುಗಿಯುವ ಈ ಸ್ಥಾನದಲ್ಲಿ ಹೇಳುವ ಡಬಲ್ಲೇ ಬ್ಯಾಲೆನ್ಸಿಂಗ್ ಡಬಲ್. ಕಾಸರಗೋಡು, ಕುಂಬಳೆ, ಬದಿಯಡ್ಕದ ಕಡೆ ಇಪ್ಪತ್ತೆಂಟು ಎಂಬ ಎಲೆಯಾಟ ಆಡಿ ಪಳಗಿ ಆಮೇಲೆ ಬ್ರಿಡ್ಜ್ ಹಿಡಿದವರು ಎಡವುವುದು ಹೆಚ್ಚಾಗಿ ಈ ಜಾಗದಲ್ಲಿಯೇ. ಕೆಲವರು ಒಂಬತ್ತೇ ಪಾಯಿಂಟ್ ಎಂದು ಪಾಸ್ ಹೇಳಿ, ತಮ್ಮದಾಗಬಹುದಾಗಿದ್ದ ಆಟವನ್ನು ಎದುರಾಳಿಗೆ ಬಿಟ್ಟುಕೊಡುತ್ತಾರೆ. ಇನ್ನು ಕೆಲವರು ಡಬಲ್ ಹೇಳುತ್ತಾರೆ, ಆದರೆ ಅವರ ಜೊತೆಗಾರ ಅದನ್ನು ತಪ್ಪಾಗಿ ಓದಿ ಮೂರನೆಯ ಮಟ್ಟದವರೆಗೆ ಹಾರಿ ಬೀಳುತ್ತಾನೆ.

ಎರಡೂ ತಪ್ಪಿನ ಬೇರು ಒಂದೇ: ನೋಡಬೇಕಾದ್ದನ್ನು ನೋಡಬೇಕಾದ ಕ್ರಮದಲ್ಲಿ ನೋಡದಿರುವುದು. ಎಲ್ಲರೂ ಮೊದಲು ತಮ್ಮ ಪಾಯಿಂಟ್ ಎಣಿಸುತ್ತಾರೆ. ಈ ಸ್ಥಾನದಲ್ಲಿ ಪಾಯಿಂಟ್ ಬರುವುದು ಐದನೆಯ ಹಂತದಲ್ಲಿ.

ಶುರು ಮಾಡುವ ಮೊದಲು

ಟೇಕೌಟ್ ಡಬಲ್ ಎಂದರೇನು, ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂಬ ಲೆಕ್ಕ ಏನು ಎಂಬುದು ನಿಮಗೆ ಗೊತ್ತಿದೆ ಎಂದುಕೊಂಡು ಬರೆಯುತ್ತಿದ್ದೇನೆ. ಅಭ್ಯಾಸಕ್ಕೆ ಒಂದು ಪ್ಯಾಕ್ ಎಲೆ, ಒಂದು ನೋಟ್‌ಬುಕ್, ಪೆನ್ಸಿಲ್ ಇದ್ದರೆ ಸಾಕು. ಬಿಡ್ಡಿಂಗ್ ಬಾಕ್ಸ್ ಇದ್ದರೆ ಒಳ್ಳೆಯದು. ಬಾಯಿಯಲ್ಲಿ ಹೇಳುವಾಗ ದನಿಯ ಏರಿಳಿತವೇ ಅರ್ಧ ಗುಟ್ಟು ಬಿಟ್ಟುಕೊಡುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಜೊತೆಗಾರನೊಂದಿಗೆ ಮೊದಲೇ ಆಗಬೇಕಾದ ಒಪ್ಪಂದ. ಇಪ್ಪತ್ತೆಂಟರಲ್ಲಿ ಡಬಲ್ ಎಂದರೆ ಸವಾಲು, ‘ನೀವು ಕರೆದಷ್ಟನ್ನು ಮಾಡಲಾರಿರಿ’ ಎಂದು ಎದುರಾಳಿಯ ಮುಖಕ್ಕೆ ಹೇಳುವುದು. ಇಲ್ಲಿನ ಡಬಲ್ ಎದುರಾಳಿಗೆ ಹೇಳುವ ಮಾತೇ ಅಲ್ಲ, ಜೊತೆಗಾರನಿಗೆ ಹೇಳುವ ಮಾತು: ‘ಅವರ ಸೂಟ್ ನನಗೆ ಬೇಡ, ಉಳಿದ ಮೂರರಲ್ಲಿ ನಿನಗೆ ಯಾವುದಿದೆ ಹೇಳು.’ ಐವತ್ತಾರು ಎಂಬ ಎಲೆಯಾಟ ಆಡಿ ಬಂದವರಿಗೆ ಇದು ಬೇಗ ಒಗ್ಗುತ್ತದೆ. ಕರೆಯ ಮೂಲಕವೇ ಜೊತೆಗಾರನಿಗೆ ಎಲೆ ತಿಳಿಸುವ ಅಭ್ಯಾಸ ಅವರಿಗೆ ಮೊದಲೇ ಇರುತ್ತದೆ.

ಮಳೆಗಾಲದ ಒಂದು ಸಂಜೆ ಬದಿಯಡ್ಕದ ಹತ್ತಿರದ ಜಗಲಿಯೊಂದರಲ್ಲಿ ನೋಡಿದ್ದನ್ನು ಹೇಳುತ್ತೇನೆ. ನಿವೃತ್ತ ಮಾಷ್ಟ್ರೊಬ್ಬರು 1 ಆಟಿನ್ ಮೇಲೆ ಸರಿಯಾಗಿಯೇ ಡಬಲ್ ಹೇಳಿದರು. ಎದುರು ಕುಳಿತ ಭಟ್ಟರ ಕೈಯಲ್ಲಿ ಮೂರು ಚಿಲ್ಲರೆ ಆಟಿನ್, ನಾಲ್ಕು ಇಸ್ಪೀಟು. ಅವರು ನಿಶ್ಚಿಂತೆಯಿಂದ ಪಾಸ್ ಎಂದರು. ಎದುರಾಳಿ ಒಂದು ಟ್ರಿಕ್ ಹೆಚ್ಚೇ ಮಾಡಿದ. ವಲ್ನರಬಲ್ (ಬೋನಸ್ಸೂ ದಂಡವೂ ಹೆಚ್ಚಾಗುವ ಸ್ಥಿತಿ) ಅಲ್ಲದಿದ್ದರೂ ಆತನಿಗೆ 260 ದಕ್ಕಿತು. ಡಬಲ್ ಇಲ್ಲದೆ ಅಷ್ಟೇ ಟ್ರಿಕ್ ಮಾಡಿದ್ದರೆ ಸಿಗುತ್ತಿದ್ದದ್ದು 110.

“ಮಾಷ್ಟ್ರೇ, ಡಬಲ್ ಹೇಳಿದ್ದು ನೀವು. ಬೀಳಿಸುವಷ್ಟು ಎಲೆ ನಿಮ್ಮಲ್ಲಿ ಇದೆ ಎಂದುಕೊಂಡೆ.”

“ಭಟ್ಟರೇ, ಬೀಳಿಸುವ ಎಲೆ ಇದ್ದರೆ ನಾನು ಸುಮ್ಮನೆ ಪಾಸ್ ಎನ್ನುತ್ತಿದ್ದೆ. ನಿಮ್ಮ ಇಸ್ಪೀಟನ್ನು ಕೇಳಿದ್ದು ನಾನು.”

ಈ ಮಾತು ಆಟ ಶುರುವಾಗುವ ಮುಂಚೆ ಆಗಬೇಕಿತ್ತು.

ಹಂತ 1: ಇದು ನಿಜವಾಗಿಯೂ ಕೊನೆಯ ಪಾಸಿನ ಸ್ಥಾನವೇ?

ನೀವು ಪಾಸ್ ಎಂದರೆ ಬಿಡ್ಡಿಂಗ್ ಅಲ್ಲಿಗೇ ಮುಗಿಯುತ್ತದೆಯೇ? ಹೌದಾದರೆ ಮಾತ್ರ ಇಲ್ಲಿನ ಸೂತ್ರಗಳು ಅನ್ವಯಿಸುತ್ತವೆ. ಪಶ್ಚಿಮ 1 ಆಟಿನ್, ಉತ್ತರ ಪಾಸ್, ಪೂರ್ವ ಪಾಸ್ ಎಂದಾಗ ದಕ್ಷಿಣದವನು ಆ ಸ್ಥಾನದಲ್ಲಿರುತ್ತಾನೆ. ಪಶ್ಚಿಮ 1 ಆಟಿನ್ ಎಂದ ಕೂಡಲೇ ಮಾತನಾಡಬೇಕಾದ ಉತ್ತರದವನದು ನೇರ ಸ್ಥಾನ. ಅಲ್ಲಿ ಟೇಕೌಟ್ ಡಬಲ್‌ಗೆ ಆರಂಭಿಕ ಕೈಯಷ್ಟು, ಅಂದರೆ ಸುಮಾರು 12 ಪಾಯಿಂಟ್ ಬೇಕು. ಕೊನೆಯ ಸ್ಥಾನದ ರಿಯಾಯಿತಿಯನ್ನು ಅಲ್ಲಿಗೆ ಕೊಂಡೊಯ್ಯಬೇಡಿ.

ಇನ್ನೊಂದು ಸಂದರ್ಭ ಹಲವರ ಗಮನಕ್ಕೆ ಬರುವುದಿಲ್ಲ. ಪಶ್ಚಿಮ 1 ಆಟಿನ್, ಉತ್ತರ ಪಾಸ್, ಪೂರ್ವ 2 ಆಟಿನ್, ದಕ್ಷಿಣ ಪಾಸ್, ಪಶ್ಚಿಮ ಪಾಸ್. ಈಗ ಕೊನೆಯ ಸ್ಥಾನದಲ್ಲಿರುವವನು ಉತ್ತರದವನು, ಮೊದಲ ಸುತ್ತಿನಲ್ಲಿ ಪಾಸ್ ಎಂದವನೇ. ಅವನು ಈಗ ಡಬಲ್ ಹೇಳಿದರೆ ಕೈಯಲ್ಲಿ ದೊಡ್ಡದೇನೂ ಇಲ್ಲ ಎಂಬುದು ಜೊತೆಗಾರನಿಗೆ ಗೊತ್ತಾಗಿಯೇ ಇರುತ್ತದೆ. ದೊಡ್ಡದಿದ್ದರೆ ಆಗಲೇ ಹೇಳುತ್ತಿದ್ದ. ಆದ್ದರಿಂದ ಇಲ್ಲಿ ಇನ್ನಷ್ಟು ಧೈರ್ಯ ಮಾಡಬಹುದು.

1 ನೋ ಟ್ರಂಪ್‌ನಿಂದ (ತುರುಪೇ ಇಲ್ಲದ ಕರೆ) ಆರಂಭವಾಗಿ ಎರಡು ಪಾಸ್ ಬಂದರೆ ಅದು ಬೇರೆಯೇ ಲೆಕ್ಕ. ಬೇರೆ ಒಪ್ಪಂದ ಇಲ್ಲದಿದ್ದರೆ ಅಲ್ಲಿ ಡಬಲ್ ಎಂದರೆ ಪೆನಾಲ್ಟಿ, ಅಂದರೆ ಎದುರಾಳಿಯನ್ನು ಬೀಳಿಸುವ ಸವಾಲು.

ಹಂತ 2: ಅವರು ಯಾಕೆ ನಿಂತರು?

ಈ ಹಂತದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ನಿಮ್ಮ ಎಲೆಗಳನ್ನು ಮೇಜಿನ ಮೇಲೆ ಬೋರಲು ಇಟ್ಟು, ಕೇಳಿದ ಬಿಡ್ಡಿಂಗನ್ನು ಮಾತ್ರ ಮನಸ್ಸಿನಲ್ಲಿ ಓಡಿಸಿ.

ಒಟ್ಟು ಪಾಯಿಂಟ್ 40. ಒಂದು ಮಟ್ಟದಲ್ಲೇ ನಿಂತಾಗ ಉತ್ತರ ಕೊಡಬೇಕಾದವನ ಹತ್ತಿರ 6 ಕೂಡ ಇಲ್ಲ. ಆರಂಭಿಸಿದವನಿಗೆ 14, ಅವನ ಜೊತೆಗಾರನಿಗೆ 3 ಎಂದುಕೊಳ್ಳಿ. ಉಳಿದ 23 ನಿಮ್ಮ ಕಡೆಯವು. ನಿಮ್ಮಲ್ಲಿ 9 ಇದ್ದರೆ ಜೊತೆಗಾರನಲ್ಲಿ 14. ಅಷ್ಟಿದ್ದೂ ಅವನು ಯಾಕೆ ಸುಮ್ಮನಿದ್ದ? ಅವನ ಕೈ ಡಬಲ್‌ಗೂ ಓವರ್‌ಕಾಲ್‌ಗೂ (ಎದುರಾಳಿಯ ಕರೆಯ ಮೇಲೆ ತನ್ನ ಸೂಟ್ ಕರೆಯುವುದಕ್ಕೂ) ಹೊಂದಲಿಲ್ಲ. ಅನೇಕ ಬಾರಿ ಅವರ ಸೂಟೇ ಅವನ ಕೈಯಲ್ಲಿ ತುಂಬಿಕೊಂಡಿರುತ್ತದೆ.

ಇನ್ನೊಂದು ಬಗೆ, ಅವರಿಗೆ ಜೋಡಿ ಸೂಟ್ ಸಿಕ್ಕಿ 2 ಆಟಿನ್‌ನಲ್ಲಿ ನಿಂತದ್ದು. ಡಬಲ್‌ಗೆ ಇದಕ್ಕಿಂತ ಒಳ್ಳೆಯ ನೆಲ ಇಲ್ಲ. 1 ಆಟಿನ್ ಹೇಳಿ ಆಮೇಲೆ ಪಾಸ್ ಎಂದವನಿಗೆ ಸಾಮಾನ್ಯವಾಗಿ 12ರಿಂದ 15, 2 ಆಟಿನ್ ಎಂದವನಿಗೆ 6ರಿಂದ 9. ಒಟ್ಟು 18ರಿಂದ 24, ಅಂದರೆ ನಿಮ್ಮ ಕಡೆ 16ರಿಂದ 22. ಎರಡೂ ಕಡೆ ಹೆಚ್ಚು ಕಡಿಮೆ ಸಮ.

ಎಲೆಗಳ ಲೆಕ್ಕವನ್ನೂ ಮಾಡಿ. ಅವರಿಬ್ಬರಲ್ಲಿ ಎಂಟು ಆಟಿನ್ ಇದ್ದರೆ ನಿಮ್ಮಿಬ್ಬರಲ್ಲಿ ಐದೇ. ನಿಮ್ಮಿಬ್ಬರ 26 ಎಲೆಗಳಲ್ಲಿ ಉಳಿದ 21 ಎಲೆ ಮೂರೇ ಸೂಟುಗಳಲ್ಲಿ ಹಂಚಿಹೋಗಬೇಕು. ಅದು ತಪ್ಪದೆ 7-7-7 ಆಗಿ ಬಿದ್ದರೆ ಮಾತ್ರ ನಿಮಗೆ ಎಂಟು ಎಲೆಯ ಸೂಟ್ ಸಿಗುವುದಿಲ್ಲ. ಬೇರೆ ಹೇಗೆ ಬಿದ್ದರೂ ಸಿಕ್ಕೇ ಸಿಗುತ್ತದೆ. ಅವರಲ್ಲಿ ಒಂಬತ್ತು ಆಟಿನ್ ಇದ್ದರಂತೂ ನಿಮ್ಮಲ್ಲಿ 22 ಎಲೆ, ಎಂಟರ ಸೂಟ್ ಖಂಡಿತ. ಇಲ್ಲಿ ಸುಮ್ಮನೆ ಪಾಸ್ ಹೇಳುವುದು ಸೋಮಾರಿತನ ಎಂದೇ ನನ್ನ ಅಭಿಪ್ರಾಯ.

ಇದಕ್ಕೆ ತದ್ವಿರುದ್ಧವಾದದ್ದು ಅವರಿಗೆ ಹೊಂದಾಣಿಕೆಯೇ ಆಗದೆ ನಿಂತದ್ದು. 1 ಆಟಿನ್‌ಗೆ 1 ನೋ ಟ್ರಂಪ್, ಆಮೇಲೆ ಎಲ್ಲ ಪಾಸ್. ಇಲ್ಲವೇ 1 ಡೈಮನ್, 1 ಇಸ್ಪೀಟು, 2 ಕಳಾವರ್, ಪಾಸ್. ಅವರಿಗೆ ಹೊಂದಲಿಲ್ಲವೆಂದರೆ ನಿಮಗೂ ಹೊಂದದಿರುವ ಸಾಧ್ಯತೆಯೇ ಹೆಚ್ಚು. ಅವರು ತಾವಾಗಿಯೇ ಕೆಸರಿನಲ್ಲಿ ನಿಂತಿರುವಾಗ ನೀವು ಇಳಿದು ಮೇಲೆತ್ತಬೇಡಿ.

ಗೇಮ್‌ಗೆ (ದೊಡ್ಡ ಬೋನಸ್ ಸಿಗುವ ಕಾಂಟ್ರಾಕ್ಟಿಗೆ) ಆಹ್ವಾನ ಕೊಟ್ಟು ನಿಂತವರ ಮೇಲೂ ಕೈ ಹಾಕಬೇಡಿ. 1 ಆಟಿನ್‌ಗೆ 3 ಆಟಿನ್ ಎಂಬ ಆಹ್ವಾನ ಬಂದು ಆಮೇಲೆ ಪಾಸ್ ಆದರೆ ಅವರಲ್ಲಿ 22ರಿಂದ 24 ಪಾಯಿಂಟ್ ಇದೆ. ಇನ್ನು ನೀವು ಮಾತನಾಡಬೇಕಾದರೆ ಮೂರು ಅಥವಾ ನಾಲ್ಕರ ಮಟ್ಟದಲ್ಲಿ. ಬೇಡ.

ಹಂತ 3: ಅವರ ಸೂಟಿನಲ್ಲಿ ನಿಮ್ಮ ಹತ್ತಿರ ಎಷ್ಟು ಎಲೆ?

ಈಗ ಎಲೆ ಎತ್ತಿಕೊಳ್ಳಿ, ಆದರೆ ಅವರ ಸೂಟನ್ನು ಮಾತ್ರ ಎಣಿಸಿ.

ಒಂದು ಅಥವಾ ಎರಡು ಎಲೆ ಇದ್ದರೆ ಡಬಲ್ ಕಡೆಗೆ ವಾಲಿ. ನಿಮ್ಮಲ್ಲಿ ಕಡಿಮೆ ಇರುವುದರಿಂದ ಜೊತೆಗಾರನಲ್ಲಿ ಹೆಚ್ಚಿರಬಹುದು. ಅವನು ಹೊಂಚು ಹಾಕಿ ಪಾಸ್ ಎಂದಿರಬಹುದು. ನೀವು ಡಬಲ್ ಹೇಳದಿದ್ದರೆ ಅವನ ಹೊಂಚು ವ್ಯರ್ಥ.

ನಾಲ್ಕು ಅಥವಾ ಹೆಚ್ಚು ಎಲೆ ಇದ್ದರೆ ಲೆಕ್ಕ ಮಗುಚುತ್ತದೆ. ಒಂದು ಉದಾಹರಣೆ. ಎಡಗಡೆಯವನು 1 ಇಸ್ಪೀಟು, ಎರಡು ಪಾಸ್. ನಿಮ್ಮ ಕೈ:

ಇಸ್ಪೀಟು: ರಾಣಿ, 10, 8, 4
ಆಟಿನ್: ಎಕ್ಕ, 7
ಡೈಮನ್: ರಾಜ, 9, 5
ಕಳಾವರ್: ಗುಲಾಮ, 8, 6, 3

10 ಪಾಯಿಂಟ್ ಇದೆ. ಆದರೂ ಪಾಸ್. ಆರಂಭಿಸಿದವನಲ್ಲಿ ಐದು, ನಿಮ್ಮಲ್ಲಿ ನಾಲ್ಕು ಇಸ್ಪೀಟು. ಉಳಿದ ನಾಲ್ಕು ಇನ್ನಿಬ್ಬರಲ್ಲಿ. ಜೊತೆಗಾರನಲ್ಲಿ ಎರಡೋ ಕಡಿಮೆಯೋ ಇರಬಹುದು. ಇಸ್ಪೀಟು ಕಡಿಮೆಯಿದ್ದು 12 ಪಾಯಿಂಟ್ ಇದ್ದಿದ್ದರೆ ಅವನೇ ಡಬಲ್ ಹೇಳುತ್ತಿದ್ದ. ಹೇಳಲಿಲ್ಲವೆಂದರೆ ಅವನ ಕೈ ಬಡಕಲು. ಹಾಗಾದರೆ ಉಳಿದ ಪಾಯಿಂಟ್ ಎಲ್ಲಿ? ಆರಂಭಿಸಿದವನ ಹತ್ತಿರ, 18 ಅಥವಾ 19 ಇದ್ದರೂ ಆಶ್ಚರ್ಯವಿಲ್ಲ. ಅವನಿಗೆ ಇನ್ನೊಮ್ಮೆ ಮಾತನಾಡುವ ಅವಕಾಶವನ್ನು ಯಾಕೆ ಕೊಡುತ್ತೀರಿ?

ಮೂರು ಎಲೆಯ ಕೈಯೇ ತಲೆನೋವಿನದು. ಮೂರು ಚಿಲ್ಲರೆ ಎಲೆ ಇದ್ದರೆ ಪಾಯಿಂಟ್ ಸ್ವಲ್ಪ ಹೆಚ್ಚು ಕೇಳಿ. ಮೂರರಲ್ಲಿ ರಾಜನೋ ರಾಣಿ-10ನೋ ಇದ್ದರೆ ಡಬಲ್‌ಗಿಂತ 1 ನೋ ಟ್ರಂಪ್ ಬಗ್ಗೆ ಯೋಚಿಸಿ, ಅದು ಆರನೆಯ ಹಂತದಲ್ಲಿದೆ.

ಹಂತ 4: ಉಳಿದ ಮೂರು ಸೂಟು, ಅದರಲ್ಲೂ ಇಸ್ಪೀಟು

ಡಬಲ್ ಎಂದರೆ ಮೂರೂ ಸೂಟುಗಳಿಗೆ ಬಾಗಿಲು ತೆರೆದದ್ದು. ಜೊತೆಗಾರ ಯಾವುದನ್ನು ಹೇಳಿದರೂ ನಿಮ್ಮ ಕೈಯಲ್ಲಿ ಮೂರಾದರೂ ಎಲೆ ಇರಬೇಕು. ಅವರು ಆಟಿನ್ ಹೇಳಿದ್ದರೆ ಇಸ್ಪೀಟು ನಾಲ್ಕಿರಲಿ, ಕೊನೆಗೆ ಒಳ್ಳೆಯ ಮೂರಾದರೂ ಇರಲಿ. ಜೊತೆಗಾರ ಮೊದಲು ಹುಡುಕುವುದು ಅದನ್ನೇ.

ಅವರು ಕಳಾವರ್ ಅಥವಾ ಡೈಮನ್‌ನಲ್ಲಿ ಒಂದರ ಮಟ್ಟದಲ್ಲಿ ನಿಂತಿರುವಾಗ ಇಸ್ಪೀಟು ಯಾರದ್ದು ಎಂದು ಕೇಳಿಕೊಳ್ಳಿ. 1 ಡೈಮನ್, ಪಾಸ್, ಪಾಸ್ ಆದ ಮೇಲೆ ನಿಮ್ಮ ಕೈ ಹೀಗಿದೆ ಎನ್ನೋಣ:

ಇಸ್ಪೀಟು: 7
ಆಟಿನ್: ರಾಜ, 9, 6, 3
ಡೈಮನ್: ಗುಲಾಮ, 8, 5, 4
ಕಳಾವರ್: ಎಕ್ಕ, 10, 7, 2

ಎಂಟು ಪಾಯಿಂಟ್, ಒಂದೇ ಇಸ್ಪೀಟು. ಡಬಲ್ ಹೇಳಿದರೆ ಜೊತೆಗಾರ ಇಸ್ಪೀಟು ಹೇಳುತ್ತಾನೆ, ಇಲ್ಲವೇ ಎದುರಾಳಿಗಳೇ ತಮ್ಮ ಇಸ್ಪೀಟನ್ನು ಕಂಡುಕೊಳ್ಳುತ್ತಾರೆ. ಅವರು ತಮಗೆ ಒಪ್ಪದ ಡೈಮನ್‌ನಲ್ಲಿ ಕುಳಿತಿರಲಿ, ಪಾಸ್ ಹೇಳಿ.

ಹಂತ 5: ಈಗ ಪಾಯಿಂಟ್. ಒಂದು ರಾಜನನ್ನು ಸಾಲ ಪಡೆಯಿರಿ

ಕೊನೆಯ ಸ್ಥಾನದಲ್ಲಿ ನಿಮ್ಮ ಕೈಗೆ ಒಂದು ರಾಜನನ್ನು, ಅಂದರೆ 3 ಪಾಯಿಂಟನ್ನು ಸೇರಿಸಿ ನೋಡಿ. ಹಾಗೆ ಸೇರಿಸಿದಾಗ ನೇರ ಸ್ಥಾನದಲ್ಲಿ ಡಬಲ್ ಹೇಳುವಂಥ ಕೈ ಆದರೆ ಇಲ್ಲಿಯೂ ಹೇಳಿ. ನೇರ ಸ್ಥಾನದಲ್ಲಿ 12 ಬೇಕಿದ್ದರೆ ಇಲ್ಲಿ 9 ಸಾಕು. ಆಕಾರ ಸೊಗಸಾಗಿದ್ದರೆ 8.

ಮೇಲಿನ ಪರೀಕ್ಷೆಗಳನ್ನೆಲ್ಲ ದಾಟಿ ಬರುವ ಒಂದು ಕೈ:

ಇಸ್ಪೀಟು: ರಾಜ, ಗುಲಾಮ, 7, 3
ಆಟಿನ್: 8
ಡೈಮನ್: ಎಕ್ಕ, 9, 6, 4
ಕಳಾವರ್: ಗುಲಾಮ, 8, 5, 2

1 ಆಟಿನ್, ಪಾಸ್, ಪಾಸ್ ಆದ ಮೇಲೆ ಕೈ ನಡುಗದೆ ಡಬಲ್ ಹೇಳಬೇಕಾದ ಎಲೆಗಳಿವು. 9 ಪಾಯಿಂಟ್, ಅವರ ಸೂಟ್ ಒಂದೇ, ಉಳಿದವು ನಾಲ್ಕು ನಾಲ್ಕು. ಆಗ ಎದುರಿನ ಜೊತೆಗಾರನ ಕೈ ಹೀಗಿರಬಹುದು:

ಇಸ್ಪೀಟು: ಎಕ್ಕ, 5
ಆಟಿನ್: ರಾಜ, ರಾಣಿ, 10, 9, 4
ಡೈಮನ್: ರಾಜ, 7, 3
ಕಳಾವರ್: ರಾಣಿ, 6, 4

ಅವನ 14 ಪಾಯಿಂಟ್ ಯಾಕೆ ಮೌನವಾಗಿತ್ತು ಎಂಬುದು ಈಗ ಕಾಣುತ್ತದೆ. ಅವರ ಸೂಟಿನ ಐದು ಎಲೆ ಇಟ್ಟುಕೊಂಡು ಟೇಕೌಟ್ ಡಬಲ್ ಹೇಳುವಂತಿಲ್ಲ, 1 ನೋ ಟ್ರಂಪ್‌ಗೆ ಒಂದು ಪಾಯಿಂಟ್ ಕಡಿಮೆ. ನಿಮ್ಮ ಡಬಲ್ ಮೇಲೆ ಅವನು ಪಾಸ್ ಹೇಳುತ್ತಾನೆ, ಅಲ್ಲಿಗೆ ಅದು ಪೆನಾಲ್ಟಿಯಾಗುತ್ತದೆ. ಎದುರಾಳಿ ವಲ್ನರಬಲ್ ಆಗಿದ್ದು ಎರಡು ಟ್ರಿಕ್ ಕಡಿಮೆ ಬಿದ್ದರೆ ನಿಮಗೆ 500. ಆರಂಭಿಸಿದವನ ನಂತರ ಆಡುವವನು ನಿಮ್ಮ ಜೊತೆಗಾರನೇ ಆದ್ದರಿಂದ ಆ ತುರುಪುಗಳು ಸರಿಯಾದ ಜಾಗದಲ್ಲಿ ಕುಳಿತಿವೆ. ಮೊದಲ ಎಲೆ ಇಳಿಸುವವನೂ ಅವನೇ. ತುರುಪಿನ ರಾಜನನ್ನೇ ಇಳಿಸಲಿ. ಡಿಕ್ಲೇರರ್ (ಕಾಂಟ್ರಾಕ್ಟ್ ಆಡುವವನು) ಚಿಲ್ಲರೆ ತುರುಪಿನಿಂದ ಕಡಿದು ಟ್ರಿಕ್ ಕದಿಯದಂತೆ ತಡೆಯುವ ದಾರಿ ಅದು.

ಎದುರಾಳಿ ವೀಕ್ ಟೂ (ಬಡಕಲು ಕೈ, ಉದ್ದ ಸೂಟಿನಿಂದ ಎರಡರ ಮಟ್ಟದ ಆರಂಭ) ಹೇಳಿದ್ದಾಗ ಈ ರಿಯಾಯಿತಿಯನ್ನು ಪೂರ್ತಿ ಬಳಸಬೇಡಿ. 2 ಇಸ್ಪೀಟು, ಪಾಸ್, ಪಾಸ್ ಆದರೆ ಜೊತೆಗಾರ ಮೂರರ ಮಟ್ಟದಲ್ಲಿ ಮಾತನಾಡಬೇಕಾಗುತ್ತದೆ. ಅಲ್ಲಿ 10, 11 ಇರಲಿ.

ಹಂತ 6: ಡಬಲ್‌ಗಿಂತ ಒಳ್ಳೆಯ ಮಾತು ಬೇರೆ ಇದೆಯೇ?

ಐದು ಎಲೆಯ ಒಳ್ಳೆಯ ಸೂಟ್ ಇದ್ದು ಉಳಿದದ್ದು ಸಾಧಾರಣವಾಗಿದ್ದರೆ ಆ ಸೂಟನ್ನೇ ಹೇಳಿ. 2 ಆಟಿನ್ ಮೇಲೆ ರಾಣಿ, ಗುಲಾಮ, 9, 7, 4 ಇಸ್ಪೀಟು ಇದ್ದರೆ 2 ಇಸ್ಪೀಟು ಎನ್ನುವುದು ಡಬಲ್‌ಗಿಂತ ನೇರ. ಆರು ಎಲೆಯ ಗಟ್ಟಿ ಸೂಟಿನ ಜೊತೆಗೆ ಆರಂಭಿಕ ಕೈಯಷ್ಟು ಬಲವಿದ್ದರೆ ಒಂದು ಮಟ್ಟ ಜಿಗಿದು ಹೇಳಿ. ನೇರ ಸ್ಥಾನದಲ್ಲಿ ಜಿಗಿತವೆಂದರೆ ಬಡಕಲು ಕೈ, ಇಲ್ಲಿ ಹಾಗಲ್ಲ.

1 ನೋ ಟ್ರಂಪ್ ಬಗ್ಗೆ ಗೊಂದಲ ಹೆಚ್ಚು. ನೇರ ಸ್ಥಾನದಲ್ಲಿ ಅದು 15ರಿಂದ 18. ಕೊನೆಯ ಸ್ಥಾನದಲ್ಲಿ ಸಾಮಾನ್ಯವಾಗಿ 11ರಿಂದ 14, ಅವರ ಸೂಟಿಗೆ ತಡೆಯೂ (ಅದರಲ್ಲಿ ಟ್ರಿಕ್ ಗೆಲ್ಲಬಲ್ಲ ಎಲೆ) ಬೇಕು. 15ರಿಂದ 17ರ ಸಮತೋಲದ ಕೈ ಇದ್ದರೆ ಮೊದಲು ಡಬಲ್, ಆಮೇಲೆ ಅತಿ ಕೆಳಗಿನ ನೋ ಟ್ರಂಪ್. ಈ ಅಂಕಿಗಳು ಜೋಡಿಯಿಂದ ಜೋಡಿಗೆ ಒಂದೆರಡು ಪಾಯಿಂಟ್ ಆಚೀಚೆ ಆಗುತ್ತವೆ. ಬರೆದಿಟ್ಟುಕೊಂಡರೆ ಜಗಳವಿಲ್ಲ.

ಹಂತ 7: ಯಾರು ವಲ್ನರಬಲ್, ಯಾವ ಬಗೆಯ ಸ್ಪರ್ಧೆ?

ಅವರು 2 ಆಟಿನ್ ಮಾಡಿದರೆ ಅವರಿಗೆ 110. ನೀವು 2 ಇಸ್ಪೀಟು ಹೇಳಿ ಒಂದು ಟ್ರಿಕ್ ಕಡಿಮೆ ಬಿದ್ದರೂ ವಲ್ನರಬಲ್ ಅಲ್ಲದಿದ್ದರೆ ಹೋಗುವುದು 50. ಎರಡು ಬಿದ್ದರೂ 100, ಆಗಲೂ 110ಕ್ಕಿಂತ ಕಡಿಮೆ. ವಲ್ನರಬಲ್ ಆಗಿದ್ದು ಎರಡು ಬಿದ್ದರೆ, ಅಥವಾ ಡಬಲ್ ಆಗಿ ಒಂದೇ ಬಿದ್ದರೆ 200. ಜೋಡಿಗಳ ಸ್ಪರ್ಧೆಯಲ್ಲಿ ಆ 200 ಎಂದರೆ ಆ ಬೋರ್ಡಿನಲ್ಲಿ ತಳ ಸೇರಿದಂತೆಯೇ. ಬೇರೆ ಮೇಜುಗಳಲ್ಲಿ ನಿಮ್ಮ ದಿಕ್ಕಿನವರು ಕಳೆದುಕೊಳ್ಳುವುದು 110 ಅಥವಾ 140.

ತಂಡಗಳ ಸ್ಪರ್ಧೆಯಲ್ಲಿ ಸಣ್ಣ ಕಾಂಟ್ರಾಕ್ಟಿಗಾಗಿ ಯಾಕೆ ಇಷ್ಟು ಗುದ್ದಾಟ ಎಂದು ಕೇಳುವವರಿದ್ದಾರೆ. ನಿಮ್ಮ ಮೇಜಿನಲ್ಲಿ ನೀವು 2 ಇಸ್ಪೀಟು ಆಡಿ 110 ಪಡೆದಿರಿ, ಇನ್ನೊಂದು ಮೇಜಿನಲ್ಲಿ ನಿಮ್ಮ ತಂಡದವರೇ 2 ಆಟಿನ್ ಆಡಿ 110 ಪಡೆದರು. ಒಟ್ಟು 220, ಅದಕ್ಕೆ 6 ಐಎಂಪಿ (ತಂಡಗಳ ಸ್ಪರ್ಧೆಯಲ್ಲಿ ಎಣಿಸುವ ಅಂಕ).

ಹಂತ 8: ಜೊತೆಗಾರನ ಪಾಳಿ, ಸಾಲ ತೀರಿಸುವುದು

ಡಬಲ್ ಹೇಳಿದವನು ಸರಿಯಾಗಿದ್ದೂ ಆಟ ಕೆಡುವುದು ಇಲ್ಲಿಯೇ. ಈಗ ನೀವೇ ಅವನ ಜೊತೆಗಾರ ಎಂದುಕೊಳ್ಳಿ. ಅವನು ಸಾಲ ಪಡೆದ ರಾಜ ನಿಮ್ಮ ಕೈಯದ್ದು. ಆದ್ದರಿಂದ ನಿಮ್ಮ ಪಾಯಿಂಟ್‌ನಿಂದ 3 ಕಳೆದು ಆಮೇಲೆ ಉತ್ತರಿಸಿ.

ಇಸ್ಪೀಟು: ರಾಣಿ, 10, 6, 2
ಆಟಿನ್: ರಾಜ, 9, 4
ಡೈಮನ್: ರಾಜ, 8, 3
ಕಳಾವರ್: ರಾಣಿ, ಗುಲಾಮ, 5

11 ಪಾಯಿಂಟ್. ನೇರ ಡಬಲ್‌ಗೆ ಈ ಕೈಯಿಂದ 2 ಇಸ್ಪೀಟು ಎಂದು ಜಿಗಿಯುತ್ತೀರಿ. ಬ್ಯಾಲೆನ್ಸಿಂಗ್ ಡಬಲ್‌ಗೆ 1 ಇಸ್ಪೀಟು, ಅಷ್ಟೇ. 11ರಲ್ಲಿ 3 ಕಳೆದರೆ 8. ಎದುರಿನ ಕೈಯಲ್ಲಿ 9 ಇದ್ದರೆ ನಿಮ್ಮಿಬ್ಬರದು 20. ಇಷ್ಟರಲ್ಲಿ ಜಿಗಿದರೆ ಅವನು ಒಂದಿಷ್ಟು ಹೆಚ್ಚಿದ್ದಾಗ 3 ಇಸ್ಪೀಟು ಎನ್ನುತ್ತಾನೆ, ನೀವು ಬೀಳುತ್ತೀರಿ. ಜಿಗಿತಕ್ಕೆ 12 ಆಗಲಿ. 1 ನೋ ಟ್ರಂಪ್ ಹೇಳಲು ಸುಮಾರು 10ರಿಂದ 12 ಮತ್ತು ಅವರ ಸೂಟಿಗೆ ತಡೆ ಇರಲಿ.

ಇನ್ನು ಪಾಸ್. ಅವರ ಸೂಟಿನಲ್ಲಿ ಐದು ಗಟ್ಟಿ ಎಲೆ ಇದ್ದರೆ ಮಾತ್ರ. ‘ನನ್ನ ಹತ್ತಿರ ಏನೂ ಇಲ್ಲ’ ಎನ್ನುವುದಕ್ಕೆ ಪಾಸ್ ಉತ್ತರವಲ್ಲ. ಏನೂ ಇಲ್ಲದಾಗಲೇ ಒಂದು ಸೂಟ್ ಹೇಳಲೇಬೇಕಾದದ್ದು. ಎರಡರ ಮಟ್ಟದಲ್ಲಿ ಈ ತಪ್ಪು ಇನ್ನೂ ದುಬಾರಿ. 2 ಆಟಿನ್ ಡಬಲ್ ಆಗಿ ಗೆದ್ದರೆ ಅದು ಗೇಮ್ ಆಗಿಬಿಡುತ್ತದೆ: ವಲ್ನರಬಲ್ ಅಲ್ಲದಿದ್ದರೆ 470, ವಲ್ನರಬಲ್ ಆದರೆ 670. ಅವರೇ ಹೇಳಲು ಹೆದರಿದ ಗೇಮನ್ನು ನೀವು ಕೈಯಾರೆ ಬರೆದುಕೊಟ್ಟಂತೆ.

ಹಂತ 9: ತಳ್ಳಿದ ಮೇಲೆ ಬಾಯಿ ಮುಚ್ಚಿಕೊಳ್ಳುವುದು

ನೀವು 2 ಆಟಿನ್ ಮೇಲೆ ಡಬಲ್ ಹೇಳಿದಿರಿ, ಜೊತೆಗಾರ 2 ಇಸ್ಪೀಟು ಎಂದ, ಅವರು 3 ಆಟಿನ್ ಎಂದರು. ನಿಮ್ಮ ಕೆಲಸ ಮುಗಿಯಿತು. ಎಂಟು ಟ್ರಿಕ್ ಬದಲು ಒಂಬತ್ತು ಮಾಡುವ ಹೊರೆ ಈಗ ಅವರ ಮೇಲಿದೆ. ಇಲ್ಲಿ ‘ನನಗೆ ಒಂದು ಇಸ್ಪೀಟು ಹೆಚ್ಚಿದೆ’ ಎಂದು 3 ಇಸ್ಪೀಟು ಹೇಳುವವರು ಮಾಡಿದ ಒಳ್ಳೆಯ ಕೆಲಸವನ್ನು ತಾವೇ ಅಳಿಸುತ್ತಾರೆ. ಜೊತೆಗಾರನಿಗೂ ಇದೇ ಮಾತು.

ಆರಂಭಿಸಿದವನೇ ಮತ್ತೆ ಡಬಲ್ ಹೇಳಬೇಕಾದಾಗ

ನೆಗೆಟಿವ್ ಡಬಲ್ (ಎದುರಾಳಿಯ ಓವರ್‌ಕಾಲ್ ಮೇಲೆ, ಆರಂಭಿಸಿದವನ ಜೊತೆಗಾರ ಉಳಿದ ಸೂಟು ತೋರಿಸಲು ಹೇಳುವ ಡಬಲ್) ಬಳಸುವ ಜೋಡಿಗಳಿಗೆ ಮಾತ್ರ ಇದು. ನೀವು 1 ಇಸ್ಪೀಟು ಹೇಳಿದಿರಿ, ಎಡಗಡೆಯವನು 2 ಡೈಮನ್, ಜೊತೆಗಾರ ಪಾಸ್, ಬಲಗಡೆಯವನು ಪಾಸ್. ಜೊತೆಗಾರನ ಹತ್ತಿರ ಡೈಮನ್ ರಾಶಿ ಇದ್ದರೂ ಅವನು ಆಗ ಡಬಲ್ ಹೇಳುವಂತಿರಲಿಲ್ಲ, ಹೇಳಿದರೆ ಅದು ನೆಗೆಟಿವ್ ಆಗುತ್ತಿತ್ತು. ಆದ್ದರಿಂದ ಆ ಕೆಲಸ ನಿಮ್ಮದು. ಇಸ್ಪೀಟು ಎಕ್ಕ, ರಾಣಿ, 8, 6, 3, ಆಟಿನ್ ರಾಜ, 9, 5, 2, ಡೈಮನ್ 4, ಕಳಾವರ್ ಎಕ್ಕ, 10, 7 ಇದ್ದರೆ 13 ಪಾಯಿಂಟ್‌ನ ಸಾಧಾರಣ ಕೈಯಾದರೂ ಡಬಲ್ ಹೇಳಿ. ಡೈಮನ್ ನಿಮ್ಮಲ್ಲೇ ಮೂರೋ ನಾಲ್ಕೋ ಇದ್ದರೆ ಜೊತೆಗಾರನ ಹೊಂಚಿನ ಮಾತೇ ಇಲ್ಲ, ಪಾಸ್ ಹೇಳಿ.

ಅಪಾಯದ ಗುರುತುಗಳು

ಜೊತೆಗಾರ ತುಂಬಾ ಹೊತ್ತು ಯೋಚಿಸಿ ಪಾಸ್ ಹೇಳಿದ ಮೇಲೆ ನೀವು ಬಡಕಲು ಕೈಯಿಂದ ಡಬಲ್ ಹೇಳಿದರೆ ಎದುರಾಳಿ ಡೈರೆಕ್ಟರನ್ನು (ಸ್ಪರ್ಧೆಯ ತೀರ್ಪುಗಾರನನ್ನು) ಕರೆಯುವುದು ನ್ಯಾಯವೇ. ಆ ಯೋಚನೆಯೇ ಅವನ ಕೈಯಲ್ಲಿ ಏನೋ ಇದೆ ಎಂದು ಹೇಳಿಬಿಟ್ಟಿದೆ. ಡುಪ್ಲಿಕೇಟ್ ಬ್ರಿಡ್ಜ್ ನಿಯಮಾವಳಿಯ 16ನೆಯ ನಿಯಮ ಇಂಥ ಅನಧಿಕೃತ ಮಾಹಿತಿಯ ಬಗ್ಗೆ. ಬೇರೆ ಸಹಜ ಮಾತು ಸಾಧ್ಯವಿರುವಾಗ ಆ ತಡವರಿಕೆ ಸೂಚಿಸಿದ ಮಾತನ್ನೇ ಆರಿಸಿಕೊಳ್ಳುವಂತಿಲ್ಲ. ಪರಿಹಾರ ಮೊದಲ ಸುತ್ತಿನಲ್ಲೇ ಇದೆ: ಪಾಸ್ ಹೇಳುವಾಗಲೂ ಡಬಲ್ ಹೇಳುವಾಗಲೂ ಒಂದೇ ಗತಿ. ಆನ್‌ಲೈನ್‌ನಲ್ಲಿ ಆಡುವವರಿಗೆ ಇನ್ನೊಂದು ಕಾಟ. ನಮ್ಮ ಕಡೆ ಮಳೆ ಬಂದರೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುತ್ತವೆ. ತಡವಾದದ್ದು ಯೋಚನೆಯಿಂದಲ್ಲ, ಸಂಪರ್ಕ ಹೋದದ್ದರಿಂದ ಎಂದು ಕೂಡಲೇ ಇಡೀ ಮೇಜಿಗೆ ತಿಳಿಸಿಬಿಡಿ.

ನಿಮ್ಮ ಪಾಯಿಂಟ್‌ಗಳೆಲ್ಲ ಅವರ ಸೂಟಿನಲ್ಲೇ ಇದ್ದರೆ ಅದು ಡಬಲ್ ಅಲ್ಲ. 9ರಲ್ಲಿ 5 ಪಾಯಿಂಟ್ ಆಟಿನ್ ರಾಜ-ರಾಣಿಯಲ್ಲಿದ್ದರೆ ನೀವು ಆಡುವಾಗ ಅವು ಹೆಚ್ಚು ಕೆಲಸಕ್ಕೆ ಬರುವುದಿಲ್ಲ, ಅವರು ಆಡುವಾಗ ಬರುತ್ತವೆ.

ಎದುರಾಳಿ ಸರಾಗವಾಗಿ, ನೆಮ್ಮದಿಯಿಂದ ಪಾಸ್ ಎಂದನೆಂದು ಡಬಲ್ ಹೇಳುವುದೂ ಒಂದು ಚಟ. ಅವನ ಮುಖ ಓದುವುದು ನಿಯಮಬಾಹಿರವಲ್ಲ, ಆದರೆ ಓದಿದ್ದು ತಪ್ಪಾದರೆ ನಷ್ಟ ನಿಮ್ಮದೇ.

ಅಭ್ಯಾಸ ಮಾಡುವ ಕ್ರಮ

ಪ್ಯಾಕ್‌ನಿಂದ ಪಶ್ಚಿಮದವನಿಗೆ ಒಂದು ಕೈ ಆರಿಸಿ ಇಡಿ: ಐದು ಆಟಿನ್, 12ರಿಂದ 15 ಪಾಯಿಂಟ್. ಉಳಿದ 39 ಎಲೆಗಳನ್ನು ಕಲಸಿ ಮೂವರಿಗೂ ಹಂಚಿ. ಪೂರ್ವದ ಕೈಯಲ್ಲಿ 6 ಅಥವಾ ಹೆಚ್ಚು ಪಾಯಿಂಟ್ ಬಂದರೆ, ಇಲ್ಲವೇ ಉತ್ತರದ ಕೈ ತಾನಾಗಿಯೇ ಮಾತನಾಡುವಂತಿದ್ದರೆ ಮತ್ತೆ ಹಂಚಿ. ದಕ್ಷಿಣದ ಕೈಯನ್ನು ಮಾತ್ರ ನೋಡಿ, ಡಬಲ್, ಪಾಸ್ ಅಥವಾ ಬೇರೆ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಪಕ್ಕದಲ್ಲಿ ಕಾರಣವನ್ನೂ. ಕಾರಣದ ಜಾಗದಲ್ಲಿ ಪಾಯಿಂಟ್ ಒಂದೇ ಇದ್ದರೆ ಎರಡನೆಯ ಹಂತಕ್ಕೆ ಹಿಂದಿರುಗಿ.

ಆಮೇಲೆ ಉತ್ತರದ ಕೈ ತೆರೆದು, 3 ಕಳೆದು ಅದರ ಉತ್ತರ ಬರೆಯಿರಿ. ಕೊನೆಗೆ ನಾಲ್ಕೂ ಕೈ ಮೇಜಿನ ಮೇಲೆ ತೆರೆದಿಟ್ಟು, ಅವರಿಗೆ 1 ಆಟಿನ್‌ನಲ್ಲಿ ಎಷ್ಟು ಟ್ರಿಕ್, ನಿಮಗೆ ನಿಮ್ಮ ಸೂಟಿನಲ್ಲಿ ಎಷ್ಟು ಎಂದು ಎಲೆ ಇಳಿಸಿ ಎಣಿಸಿ. ಇಬ್ಬರು ಸೇರಿ ಮಾಡುವುದಾದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡದೆ ಬರೆಯಬೇಕು. ಇಬ್ಬರ ಅಂಕಿ ಎಲ್ಲಿ ಬೇರೆಯಾಗುತ್ತದೋ ಆ ಸಾಲಿಗೆ ಗೀಟು ಹಾಕಿ, ಮುಂದಿನ ಆಟಕ್ಕೆ ಕುಳಿತುಕೊಳ್ಳುವ ಮೊದಲು ಅದೊಂದನ್ನು ತೀರ್ಮಾನಿಸಿ.